ಮುಚ್ಚಳ ಹಾಕಬಾರದ ಸೂಜಿ

ಮಾರ್ಚ್ 2

ಬಾಬಿನ್,

ನಿನ್ನ ಕಾಗದ ಬಂತು. ಅದನ್ನು ಕಾಗದ ಅನ್ನಬೇಕೋ ಚೀಟಿ ಅನ್ನಬೇಕೋ ತಿಳಿಯಲಿಲ್ಲ. ಐದೇ ಸಾಲು. ಅದರಲ್ಲಿ ಎರಡು ನಿನ್ನ ಹಾಸ್ಟೆಲಿನ ನಲ್ಲಿ ಸೋರುವ ಸಮಾಚಾರ. ಉಳಿದದ್ದರಲ್ಲಿ, ವಾರ್ಡಿನಲ್ಲಿ ಇಂಜೆಕ್ಷನ್ ಸೂಜಿ ಬೆರಳಿಗೆ ಚುಚ್ಚಿತು, ಸ್ವಲ್ಪ ಸುಸ್ತು, ಎರಡು ದಿನ ರಜೆ ಕೊಟ್ಟಿದ್ದಾರೆ, ಯೋಚನೆ ಮಾಡಬೇಡ ಎಂದು ಬರೆದಿದ್ದೀಯ. ಯೋಚನೆ ಯಾಕೆ ಮಾಡಲಿ? ನಕ್ಕೆ. ದೊಡ್ಡಪ್ಪನಿಗೂ ಓದಿ ಹೇಳಿದೆ. ಸೂಜಿ ಚುಚ್ಚಿತೆಂದು ರಜೆ ತೆಗೆದುಕೊಳ್ಳುವ ಹಾಗಿದ್ದರೆ ಇಷ್ಟು ವರ್ಷದಲ್ಲಿ ನಾನು ಒಂದು ದಿನವೂ ಹೊಲಿಗೆ ಅಂಗಡಿಯ ಬಾಗಿಲು ತೆಗೆಯುತ್ತಿರಲಿಲ್ಲ.

ಬ್ಯಾಂಡಿನವರ ಕೆಂಪು ಕೋಟು ಹೊಲಿದ ವರ್ಷ ನೆನಪಿದೆಯಾ? ಮೆಷಿನ್ ಸೂಜಿ ನನ್ನ ಉಗುರಿನಲ್ಲಿ ಇಳಿದು ಆ ಕಡೆ ಬಂದಿತ್ತು. ಅದನ್ನು ನೋಡಿ ನಿನ್ನ ದೊಡ್ಡಪ್ಪ ಕತ್ತರಿ ಹಿಡಿದುಕೊಂಡೇ ನೆಲಕ್ಕೆ ಕುಸಿದರು. ನಾನೇ ಇಕ್ಕಳದಲ್ಲಿ ಸೂಜಿ ಕಿತ್ತು, ಬೆರಳು ಬಾಯಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಅವರ ಮುಖಕ್ಕೆ ನೀರು ಚಿಮುಕಿಸಿ, ಉಳಿದ ಗುಂಡಿಗಳನ್ನು ಹೊಲಿದು ಮುಗಿಸಿದೆ. ನೀನೂ ಬೆರಳನ್ನು ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊ. ಸರಿಹೋಗುತ್ತದೆ.

ಆದರೆ ನಮ್ಮ ಅಂಗಡಿಯಲ್ಲಿ ಬೆಳೆದವಳಿಗೆ ಸೂಜಿ ಚುಚ್ಚಿತು ಎಂದರೆ ಆ ಆಸ್ಪತ್ರೆಯಲ್ಲಿ ಸೂಜಿ ಇಡುವ ಕ್ರಮವೇ ಇಲ್ಲ ಎಂದಾಯಿತು. ನಿನಗೆ ಏನು ಕಲಿಸಿದ್ದೆ? ಬರಿ ಸೂಜಿ ಬಿಡಬಾರದು. ಕೈಯಿಂದ ಇಳಿದ ಸೂಜಿ ಮೊದಲು ಅದರ ಮನೆ ಸೇರಬೇಕು. ಸೂಜಿಮೆತ್ತೆಗೋ, ಮುಚ್ಚಳಕ್ಕೋ, ಎಲ್ಲಿಗೋ ಒಂದು ಕಡೆಗೆ. ಆಮೇಲೆ ಬೇರೆ ಮಾತು. ಪುಟ್ಟ ಹುಡುಗಿಗೆ ಬಂದದ್ದು ಅಲ್ಲಿ ಯಾರಿಗೂ ಬರುವುದಿಲ್ಲವೇ? ಹೇಳಿಕೊಡು ಅವರಿಗೆ.

ಫೋನ್ ಮಾಡಬೇಡ. ಮೆಷಿನ್ ಸದ್ದಿಗೆ ನನ್ನ ಕಿವಿ ಹೋಗಿದೆ. ಫೋನಿನಲ್ಲಿ ನೀನು ಮಾತಾಡಿದರೆ ಡಬ್ಬದೊಳಗೆ ನೊಣ ಸಿಕ್ಕಿಕೊಂಡ ಹಾಗೆ ಕೇಳುತ್ತದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನೇ ಪುಟ ತುಂಬಿಸುತ್ತೇನೆ, ನರ್ಸಿಂಗ್ ಓದಿದವಳಿಗೆ ಏನು ರೋಗ? ಉದ್ದಕ್ಕೆ ಬರೆ.

ದೊಡ್ಡಮ್ಮ

ಮಾರ್ಚ್ 8

ದೊಡ್ಡಮ್ಮನಿಗೆ,

ಬೆರಳನ್ನು ಬಾಯಲ್ಲಿಡಬಾರದು, ಹಿಂಡಲೂಬಾರದು. ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆಯಬೇಕು. ತೊಳೆದಿದ್ದೇನೆ. ಈಗ ಗುರುತೂ ಉಳಿದಿಲ್ಲ, ಎಲ್ಲಿ ಚುಚ್ಚಿತ್ತೆಂದು ನಾನೇ ಹುಡುಕಬೇಕು.

ಡ್ಯೂಟಿಗೆ ಹೋಗುತ್ತಿದ್ದೇನೆ. ಶಕ್ತಿಗೆಂದು ಮಾತ್ರೆ ಕೊಟ್ಟಿದ್ದಾರೆ. ತಿಂದರೆ ಹೊಟ್ಟೆ ತೊಳಸುತ್ತದೆ, ಬೇರೇನಿಲ್ಲ. ನನ್ನ ರೂಮಿನ ಹುಡುಗಿ ಬೆಳಗ್ಗೆ ಅಲಾರಂ ಇಟ್ಟುಕೊಳ್ಳುತ್ತಾಳೆ. ಅದು ಹೊಡೆದಾಗ ಅವಳನ್ನು ಬಿಟ್ಟು ಇಡೀ ಹಾಸ್ಟೆಲ್ ಏಳುತ್ತದೆ. ನಲ್ಲಿ ಇನ್ನೂ ಸೋರುತ್ತಿದೆ.

ಒಂದು ಕೇಳಲಾ? ಕತ್ತರಿಸುವ ಮೇಜಿನ ಪಕ್ಕ ನನ್ನ ಸ್ಟೂಲು ಇತ್ತಲ್ಲ, ಇನ್ನೂ ಅಲ್ಲೇ ಇದೆಯಾ? ಸುಮ್ಮನೆ ಕೇಳಿದೆ. ಈ ಕೆಲಸ ಎಲ್ಲರ ಕೈಗೂ ಒಗ್ಗುವುದಿಲ್ಲವೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ನಿನಗೂ ವಯಸ್ಸಾಯಿತು, ಕಾಜಾ ಮಾಡುವುದಕ್ಕೆ, ಗುಂಡಿ ಹಚ್ಚುವುದಕ್ಕೆ ಒಬ್ಬರು ಬೇಕಲ್ಲ.

ನಿನ್ನ ಕಾಲಿನ ಗಾಯ ಮಾಯಿತಾ? ಚಳಿಗಾಲದಲ್ಲಿ ನೀನೇ ಬರೆದಿದ್ದೆ. ಆಮೇಲೆ ಅದರ ಸುದ್ದಿಯೇ ಇಲ್ಲ.

ದೊಡ್ಡಪ್ಪ ಹೇಗಿದ್ದಾರೆ?

ನಿನ್ನ ಬಾಬಿನ್

ಮಾರ್ಚ್ 14

ಬಾಬಿನ್,

ಶಕ್ತಿ ಮಾತ್ರೆ ತಿಂದರೆ ಹೊಟ್ಟೆ ತೊಳಸುತ್ತದೆ ಎಂದು ಯಾರ ಕಿವಿಗೆ ಹೂ ಇಡುತ್ತೀಯ?

ಮೊನ್ನೆ ರಸ್ತೆ ತುದಿಯ ಔಷಧಿ ಅಂಗಡಿಯವನು ಪ್ಯಾಂಟು ಸಡಿಲ ಮಾಡಿಸಲು ಬಂದಿದ್ದ. ಹೊಟ್ಟೆ ಬಂದಿದೆ ಎಂದು ಒಪ್ಪುವುದಿಲ್ಲ, ಬಟ್ಟೆ ಕುಗ್ಗಿದೆ ಅನ್ನುತ್ತಾನೆ. ಸೊಂಟಕ್ಕೆ ಟೇಪು ಸುತ್ತಿ ಹಿಡಿದವಳು, ಅವನೂ ನಗಲಿ ಎಂದು, ನಮ್ಮ ಹುಡುಗಿಗೆ ಸೂಜಿ ಚುಚ್ಚಿ ರಜೆ ಸಿಕ್ಕಿದೆ ಎಂದು ಹೇಳಿದೆ. ಅವನು ನಗಲಿಲ್ಲ. "ಯಾರಿಗೆ ಹಾಕಿದ ಸೂಜಿ?" ಅಂದ.

ಯಾರಿಗೆ ಹಾಕಿದರೇನು, ಸೂಜಿ ಸೂಜಿಯೇ ಅಂದೆ.

"ಹಾಗಲ್ಲಮ್ಮ. ನಿಮ್ಮ ಸೂಜಿ ಗಟ್ಟಿ. ಅವರದು ಒಳಗೆ ಟೊಳ್ಳು. ಒಬ್ಬರ ರಕ್ತ ಅದರೊಳಗೆ ಉಳ್ಕೊಂಡಿರುತ್ತೆ. ಇನ್ನೊಬ್ಬರಿಗೆ ಚುಚ್ಚಿದ್ರೆ ಅದೂ ಒಳಗೆ ಹೋಗ್ಬಹುದು. ಆ ರಕ್ತದಲ್ಲಿ ಏನಿತ್ತು ಅನ್ನೋದೇ ವಿಷಯ."

ನಾನು ಟೇಪು ಹಿಡಿದೇ ನಿಂತುಬಿಟ್ಟಿದ್ದೆ. ಇನ್ನು ಉಸಿರು ಬಿಡಲಾ ಎಂದು ಪಾಪ ಅವನೇ ಕೇಳಬೇಕಾಯಿತು. ಅಲ್ಲಿಯವರೆಗೂ ಹೊಟ್ಟೆ ಒಳಗೆ ಎಳೆದುಕೊಂಡಿದ್ದ. ಅಳತೆ ತಪ್ಪಾಯಿತು, ಪ್ಯಾಂಟು ಮತ್ತೆ ಬಿಚ್ಚಬೇಕು.

ನಾನು ನಗುತ್ತಿದ್ದೆ, ನೀನು ಅಲ್ಲಿ ಕೂತು ಏನನ್ನು ನುಂಗುತ್ತಿದ್ದೀಯೋ. ಈಗ ನೇರವಾಗಿ ಬರೆ. ಯಾರ ರಕ್ತ? ಅದರಲ್ಲಿ ಏನಿತ್ತು? ಮಾತ್ರೆ ಯಾವುದಕ್ಕೆ? ನನಗೆ ಅರ್ಥವಾಗುವುದಿಲ್ಲ ಎಂದು ಸಕ್ಕರೆ ಸವರಬೇಡ. ಅರ್ಥವಾಗದಿದ್ದರೆ ಔಷಧಿ ಅಂಗಡಿಯವನ ಪ್ಯಾಂಟು ನನ್ನ ಹತ್ತಿರವೇ ಇದೆ, ಹೇಳಿಕೊಡದೆ ಎಲ್ಲಿಗೆ ಹೋಗುತ್ತಾನೆ.

ಇದರ ಜೊತೆ ಬೆರಳುಟೋಪಿ ಕಳಿಸಿದ್ದೇನೆ, ಹೊಲಿಯುವಾಗ ಹಾಕಿಕೊಳ್ಳುತ್ತೇವಲ್ಲ, ಆ ಕಬ್ಬಿಣದ್ದು. ನಿನಗೊಂದು, ನಿನ್ನ ವಾರ್ಡಿನ ಹುಡುಗಿಯರಿಗೂ ಒಂದೊಂದು. ಹಾಕಿಕೊಂಡೇ ಕೆಲಸ ಮಾಡಿ.

ಸ್ಟೂಲು ಇದೆ. ಅದರ ಮೇಲೆ ಗುಂಡಿ ಡಬ್ಬ ಕೂತಿದೆ. ನನ್ನ ಕಾಲು ಕಾಲಿನ ಜಾಗದಲ್ಲಿದೆ, ಅದರ ಉಸಾಬರಿ ನಿನಗೆ ಬೇಡ.

ದೊಡ್ಡಮ್ಮ

ಮಾರ್ಚ್ 21

ದೊಡ್ಡಮ್ಮನಿಗೆ,

ಬೆರಳುಟೋಪಿ ತಲುಪಿದವು. ನರ್ಸಮ್ಮಂದಿರು ಔಷಧಿ ಅಳೆಯುವ ಬಟ್ಟಲು ಎಂದುಕೊಂಡರು. ನಮ್ಮ ಹಿರಿಯ ಸಿಸ್ಟರ್ ಒಂದನ್ನು ಬೆರಳಿಗೆ ಹಾಕಿ ಮೇಜಿನ ಮೇಲೆ ಟಕಟಕ ಕುಟ್ಟಿ ನೋಡಿದರು. ಈಗ ಗದ್ದಲ ಮಾಡುವವರನ್ನು ಸುಮ್ಮನಿರಿಸಲು ಅದನ್ನೇ ಬಳಸುತ್ತಾರೆ. ಅದನ್ನು ಹಾಕಿಕೊಂಡರೆ ನಾಡಿ ಸಿಗುವುದಿಲ್ಲ ದೊಡ್ಡಮ್ಮ, ರಕ್ತನಾಳವೂ ಸಿಗುವುದಿಲ್ಲ. ನಾವು ಕೈಗವಸು ಹಾಕಿಕೊಳ್ಳುತ್ತೇವೆ. ಸೂಜಿ ಅದನ್ನೂ ದಾಟುತ್ತದೆ.

ನೇರವಾಗಿ ಬರೆ ಅಂದೆ. ಬರೆಯುತ್ತೇನೆ. ಸೂಜಿ ಒಬ್ಬ ರೋಗಿಯ ತೋಳಿನಿಂದ ಆಗಷ್ಟೇ ತೆಗೆದದ್ದು. ಅವರ ರಕ್ತದಲ್ಲಿ ಎಚ್‌ಐವಿ ಇದೆ. ಅವರು ಯಾರು ಏನು ಎಂದು ಬರೆಯುವುದು ತಪ್ಪಾಗುತ್ತದೆ, ಕೇಳಬೇಡ. ಅದು ನನಗೆ ಅಂಟದಿರಲಿ ಎಂದು ಈ ಮಾತ್ರೆ. ಅದೇ ದಿನ ಶುರು ಮಾಡಿದರು. ನಾಲ್ಕು ವಾರ ತಿನ್ನಬೇಕು, ಮುಗಿಯುತ್ತಾ ಬಂತು. ಏಪ್ರಿಲ್‌ನಲ್ಲಿ ಒಂದು ಪರೀಕ್ಷೆ, ಮೇ ಕೊನೆಗೆ ಇನ್ನೊಂದು. ಎರಡೂ ಸರಿ ಬಂದರೆ ಮುಗಿಯಿತು. ಅಂಟುವುದು ನೂರಕ್ಕೆ ಒಬ್ಬರಿಗೂ ಇಲ್ಲ, ಮಾತ್ರೆ ತಿಂದರೆ ಇನ್ನೂ ಕಡಿಮೆ ಎಂದು ಡಾಕ್ಟರು ಹೇಳಿದ್ದಾರೆ. ತಲೆಗೆ ಅದು ಗೊತ್ತು. ಹೊಟ್ಟೆಗೆ ಗೊತ್ತಿಲ್ಲ.

ನಾನು ನನ್ನ ಲೋಟ ಬೇರೆ ಇಟ್ಟುಕೊಂಡಿದ್ದೆ. ಬಕೆಟ್ಟೂ ಬೇರೆ. ಹಿರಿಯ ಸಿಸ್ಟರ್ ಹೇಗೋ ಕಂಡುಹಿಡಿದು, ರೂಮಿಗೆ ಬಂದು, ನನ್ನ ಲೋಟದಲ್ಲೇ ಚಹಾ ಹಾಕಿಸಿಕೊಂಡು ಕುಡಿದು, "ಓದಿದ್ದೆಲ್ಲ ಪರೀಕ್ಷೆ ಹಾಲ್‌ನಲ್ಲೇ ಬಿಟ್ಟು ಬಂದ್ಯಾ?" ಅಂದರು. ಲೋಟದಿಂದ ಇದು ಅಂಟುವುದಿಲ್ಲ, ನನಗೆ ಗೊತ್ತು. ಆದರೂ ಇಟ್ಟಿದ್ದೆ.

ಚುಚ್ಚಿದ್ದು ಹೇಗೋ ಆಯಿತು. ಗಡಿಬಿಡಿ ಇತ್ತು.

ನೀನು ಹೊರಟು ಬರಬೇಡ. ಬಂದರೆ ನಾನು ಅಳುತ್ತೇನೆ, ಆಗ ನೀನು ಬೈಯುತ್ತೀಯ.

ನಿನ್ನ ಬಾಬಿನ್

ಮಾರ್ಚ್ 27

ಬಾಬಿನ್,

ಓದಿದೆ. ದೊಡ್ಡಪ್ಪನಿಗೆ ಓದಿ ಹೇಳಲಿಲ್ಲ. ಅವರೇ ಕನ್ನಡಕ ಹಾಕಿಕೊಂಡು ಓದಿದರು, ಆಮೇಲೆ ಕತ್ತರಿಸಿದ್ದ ತೋಳನ್ನೇ ಮತ್ತೆ ಕತ್ತರಿಸಿದರು. ಶಾಲೆ ಹೆಡ್‌ಮಾಸ್ಟರ ಕೋಟು ಅದು. ಈಗ ಅರ್ಧ ತೋಳಿನ ಕೋಟು ಹಾಕಿಕೊಳ್ಳಲಿ.

ಆ ರೋಗಿಗೆ ಬಾಯಿ ಇರಲಿಲ್ಲವಾ? ಸೂಜಿ ಹಾಕಿಸಿಕೊಳ್ಳುವ ಮೊದಲು, ತಾಯಿ, ನನಗೆ ಹೀಗಿದೆ, ಹುಷಾರಾಗಿರು ಎಂದು ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಯಾರೆಂದು ಕೇಳಬೇಡ ಅಂದೆ, ಕೇಳುವುದಿಲ್ಲ. ನನ್ನ ಕೈಗೆ ಸಿಕ್ಕಿದ್ದರೆ ಕಾಲರಿನ ಅಳತೆ ಬಿಗಿಯಾಗಿಯೇ ತೆಗೆಯುತ್ತಿದ್ದೆ, ಅಷ್ಟು ಮಾತ್ರ ಹೇಳುತ್ತೇನೆ.

ಇನ್ನು ಆ "ಹೇಗೋ ಆಯಿತು". ಅದು ಬಟ್ಟೆ ಕೆಡಿಸಿದ ಹೊಲಿಗೆಯವರು ಹೇಳುವ ಮಾತು. ಸೂಜಿ ತಾನಾಗಿ ಎದ್ದು ಬಂದು ಚುಚ್ಚುವುದಿಲ್ಲ. ಯಾರೋ ಬರಿ ಸೂಜಿಯನ್ನು ಹಾಸಿಗೆ ಮೇಲೆ ಬಿಟ್ಟಿದ್ದರು, ನೀನು ಅದರ ಮೇಲೆ ಕೈ ಇಟ್ಟೆ. ಹೌದೋ ಅಲ್ಲವೋ? ಬಿಟ್ಟವರು ಯಾರು? ಅವರನ್ನು ಬಚ್ಚಿಡುತ್ತಿದ್ದೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವಾ. ಚಿಕ್ಕವಳಿದ್ದಾಗಲೂ ಬೆಕ್ಕು ಹರಿದ ಪರದೆಯನ್ನು ನಾನೇ ಹರಿದೆ ಅಂದವಳು ನೀನು.

ಸ್ಟೂಲು ಖಾಲಿ ಮಾಡಿದ್ದೇನೆ. ಗುಂಡಿ ಡಬ್ಬ ಕೆಳಗಿಟ್ಟಿದ್ದೇನೆ. ಬಿಟ್ಟು ಬಂದುಬಿಡು. ಇಲ್ಲಿ ಸೂಜಿ ಚುಚ್ಚಿದರೆ ಬೆರಳಿಗೆ ಮಾತ್ರ ನೋವು. ಬೇರೆಯವರ ರೋಗ ತೊಳೆಯಲು ಹೋಗಿ ನೀನು ಲೋಟ ಬೇರೆ ಇಟ್ಟುಕೊಂಡು ಕೂರುವುದು ನನಗೆ ಬೇಡ. ಯಾರು ಬರಿ ಸೂಜಿ ಬಿಟ್ಟರು ಎಂದು ಮಾತ್ರ ಬರೆದು ಬಾ.

ದೊಡ್ಡಮ್ಮ

ಏಪ್ರಿಲ್ 18

ಬಾಬಿನ್,

ಕಾಗದ ಯಾಕಿಲ್ಲ? ಅಂಚೆಯವನನ್ನು ಕೇಳಿದರೆ ನಾನೇ ಬರೆಯಲಾ ಅನ್ನುತ್ತಾನೆ. ಏಪ್ರಿಲ್‌ನ ಪರೀಕ್ಷೆ ಆಯಿತಾ? ಬಿಟ್ಟು ಬಾ ಅಂದದ್ದಕ್ಕೆ ಕೋಪವಾ? ಯಾರು ಎಂದು ಕೇಳಿದ್ದಕ್ಕಾ? ಸರಿ, ಹೇಳಬೇಡ. ಬರಬೇಡ. ಇದ್ದೇನೆ ಎಂದಾದರೂ ಬರೆ.

ಸ್ಟೂಲಿನ ಮೇಲೆ ಯಾರನ್ನೂ ಕೂರಿಸುತ್ತಿಲ್ಲ. ನಿನ್ನೆ ಔಷಧಿ ಅಂಗಡಿಯವನು ಕೂರಲು ಬಂದ, ಎಬ್ಬಿಸಿದೆ.

ದೊಡ್ಡಮ್ಮ

(ಲಕೋಟೆಯ ಒಳಮಡಿಕೆಯಲ್ಲಿ, ಪೆನ್ಸಿಲ್ಲಿನಲ್ಲಿ)

ಮಗಳೇ, ದೊಡ್ಡಪ್ಪ ಬರೆಯುತ್ತಿರುವುದು. ಅವಳು ಅಂಟು ತರಲು ಒಳಗೆ ಹೋಗಿದ್ದಾಳೆ. ಅವಳ ಕಾಲಿನ ಗಾಯ ಮಾಯಲೇ ಇಲ್ಲ. ತೋರಿಸಿದರೆ ಸಕ್ಕರೆ ಕಾಯಿಲೆ ಅಂದರು. ದಿನಾ ಇನ್ಸುಲಿನ್ ಸೂಜಿ ಹಾಕಿಕೊಳ್ಳಬೇಕು. ನಿನಗೆ ಹೇಳಿದರೆ ಕೆಲಸ ಬಿಟ್ಟು ಓಡಿ ಬರುತ್ತೀಯ ಎಂದು ಮೊದಲು ಮುಚ್ಚಿಟ್ಟಳು. ಈಗ ನೀನು ಬರಲಿ ಎಂದು ಅವಳೇ ಕೂಗುತ್ತಾಳೆ, ಆದರೂ ಇದನ್ನು ಮಾತ್ರ ಹೇಳುವುದಿಲ್ಲ. ಸಿರಿಂಜಿನ ಸಣ್ಣ ಗೆರೆ ಅವಳ ಕಣ್ಣಿಗೆ ಮಂಜು, ಹಾಗಾಗಿ ನಾನೇ ಚುಚ್ಚುತ್ತೇನೆ. ಚುಚ್ಚಿದ ಕೂಡಲೇ ಮುಚ್ಚಳ ಹಾಕು, ಬರಿ ಸೂಜಿ ಬಿಡಬೇಡ ಎಂದು ತಲೆಯ ಮೇಲೆ ನಿಂತಿರುತ್ತಾಳೆ. ಮೊನ್ನೆ ಮುಚ್ಚಳ ತಪ್ಪಿ ಹೆಬ್ಬೆರಳಿಗೆ ತಗುಲಿತು. ಏನೂ ಆಗಲಿಲ್ಲ. ಬಂದಳು.

ಏಪ್ರಿಲ್ 23

ದೊಡ್ಡಮ್ಮನಿಗೆ,

ದೊಡ್ಡಪ್ಪ ಲಕೋಟೆಯ ಒಳಗೆ ಬರೆದದ್ದನ್ನು ನೀನು ನೋಡಿರಲಿಕ್ಕಿಲ್ಲ. ನೋಡಿದ್ದರೆ ಕಳಿಸುತ್ತಿರಲಿಲ್ಲ. ಅವರಿಗೆ ಬೈಯಬೇಡ. ಅವರ ಹೆಬ್ಬೆರಳನ್ನು ಸೋಪು ಹಾಕಿ ತೊಳೆಸು, ಡಾಕ್ಟರಿಗೆ ತೋರಿಸು, ಹೀಗಾಯಿತು ಎಂದು ನಾಚಿಕೆಪಡದೆ ಹೇಳಿಸು. ಮತ್ತು ಇವತ್ತಿನಿಂದ ಆ ಸೂಜಿಗೆ ಮುಚ್ಚಳ ಹಾಕಿಸಬೇಡ.

ಯಾಕೆ ಎಂದು ಕೇಳುತ್ತೀಯ. ಅದಕ್ಕೇ ಈ ಕಾಗದ. ಒಂದು ತಿಂಗಳಿಂದ ಬರೆದು ಬರೆದು ಹರಿದದ್ದು ಇದನ್ನೇ.

ಯಾರೂ ಬರಿ ಸೂಜಿ ಬಿಟ್ಟಿರಲಿಲ್ಲ. ನಾನೇ ಮುಚ್ಚಳ ಹಾಕಲು ಹೋಗಿ ಚುಚ್ಚಿಕೊಂಡೆ.

ನಮಗೆ ಮೊದಲ ದಿನವೇ ಹೇಳಿಕೊಡುತ್ತಾರೆ, ಬಳಸಿದ ಸೂಜಿಗೆ ಮುಚ್ಚಳ ಹಾಕಬಾರದು. ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ಮುಚ್ಚಳ, ಸ್ವಲ್ಪ ತಪ್ಪಿದರೆ ಮುಚ್ಚಳ ಹಿಡಿದ ಬೆರಳಿಗೇ ಬರುತ್ತದೆ. ಬರಿ ಸೂಜಿಯನ್ನು ಬರಿಯಾಗಿಯೇ ಗಟ್ಟಿ ಡಬ್ಬಕ್ಕೆ ಹಾಕಬೇಕು. ಪರೀಕ್ಷೆಯಲ್ಲಿ ಬರೆದಿದ್ದೆ, ಪೂರ್ತಿ ಅಂಕ ಬಂದಿತ್ತು. ಆ ದಿನ ಡಬ್ಬ ವಾರ್ಡಿನ ಆ ತುದಿಯಲ್ಲಿತ್ತು. ಪಕ್ಕದ ಹಾಸಿಗೆಯವರು ಬೀಳುವ ಹಾಗಾದರು, ಕರೆದರು. ಕೈಯಲ್ಲಿ ಬರಿ ಸೂಜಿ. ಆ ಗಳಿಗೆಯಲ್ಲಿ ಓದಿದ್ದು ಯಾವುದೂ ಬರಲಿಲ್ಲ. ಕೈಗೆ ಬಂದದ್ದು ಅಂಗಡಿ. ನೀನು ಮೆಷಿನ್ ಮುಂದಿನಿಂದ ತಲೆ ಎತ್ತದೆ "ಬಾಬಿನ್, ಸೂಜಿ" ಅನ್ನುತ್ತಿದ್ದೆಯಲ್ಲ, ಅದು. ಎಡಗೈ ತಾನಾಗಿ ಮುಚ್ಚಳ ಹುಡುಕಿತು.

ಇದನ್ನು ಹೇಗೆ ಬರೆಯಲಿ? ನೀನು ಅದನ್ನು ನಿನ್ನ ತಲೆ ಮೇಲೆ ಹಾಕಿಕೊಳ್ಳುತ್ತೀಯ. ಅದಕ್ಕೇ "ಹೇಗೋ ಆಯಿತು" ಅಂದೆ. ಹಿರಿಯ ಸಿಸ್ಟರಿಗೂ ಸಂಜೆವರೆಗೆ ಹೇಳಿರಲಿಲ್ಲ. ಮುಚ್ಚಳ ಹಾಕಿದವಳು ಎಂದು ನಗುತ್ತಾರೆಂದು ಭಯ. ಅವರು ನಾನು ಮೂರನೇ ಸಲ ಕೈ ತೊಳೆಯುವುದನ್ನು ಕಂಡು, ಏನೂ ಕೇಳದೆ ತೋಳು ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ದಾರಿಯಲ್ಲಿ ಅವರೇ ಹೇಳಿದರು, "ನಂಗೂ ಆಗಿದೆ. ನಾನೂ ಮುಚ್ಚಿಟ್ಟಿದ್ದೆ. ಎಷ್ಟು ದಿನ ನಿದ್ದೆ ಕೆಟ್ಟೆ ಗೊತ್ತಾ."

ಆ ರೋಗಿಯನ್ನು ನೀನು ಬೈದೆ. ಅವರ ಒಪ್ಪಿಗೆ ಕೇಳಿ ಇಷ್ಟು ಬರೆಯುತ್ತಿದ್ದೇನೆ. ತನ್ನ ಕಾಯಿಲೆ ಅವರು ಎಲ್ಲೂ ಹೇಳಿಕೊಳ್ಳುವವರಲ್ಲ. ಹಿಂದೆ ಒಮ್ಮೆ ಹೇಳಿ ಕೆಲಸ ಕಳೆದುಕೊಂಡಿದ್ದರಂತೆ. ನನಗೆ ಚುಚ್ಚಿದ್ದನ್ನು ನೋಡಿದವರು ಅವರೊಬ್ಬರೇ. ನಾನು ಸುಮ್ಮನಿದ್ದೆ, ಅವರು ಸುಮ್ಮನಿರಲಿಲ್ಲ. ಸಂಜೆ ಡಾಕ್ಟರು ಬಂದ ಕೂಡಲೇ, ಯಾರೂ ಕೇಳದೆ, "ಆ ಹುಡುಗಿಗೆ ಈಗ್ಲೇ ಮಾತ್ರೆ ಕೊಡಿ, ನಂಗೆ ಇದು ಇದೆ" ಅಂದರಂತೆ. ಅದರಿಂದಲೇ ತಡವಾಗದೆ ಶುರುವಾಯಿತು. ಹತ್ತು ವರ್ಷದಿಂದ ಮಾತ್ರೆ ತಿಂದುಕೊಂಡು ದುಡಿಯುತ್ತಿದ್ದಾರೆ. ಈಗ ಬಂದಿರುವುದು ಬೆನ್ನುನೋವಿಗೆ, ತಿಂಗಳುಗಟ್ಟಲೆ ಮಲಗಿಯೇ ಇರಬೇಕಂತೆ. ದಿನಾ ನನ್ನ ಮುಖ ನೋಡಿ, ಊಟ ಮಾಡಿದೆಯಾ ಎಂದು ಅವರೇ ನನ್ನನ್ನು ಕೇಳುತ್ತಾರೆ.

ಏಪ್ರಿಲ್ ಪರೀಕ್ಷೆ ಸರಿ ಬಂದಿದೆ. ಇನ್ನೊಂದು ಉಳಿದಿದೆ.

ನೀನು ಮಾಡಬೇಕಾದದ್ದು ಇಷ್ಟು. ಗಟ್ಟಿ ತಗಡಿನ ಡಬ್ಬ, ಬಿಗಿ ಮುಚ್ಚಳದ್ದು, ಚುಚ್ಚುವ ಜಾಗದಲ್ಲೇ ಕೈಗೆಟುಕುವ ಹಾಗೆ ಇಡು. ಚುಚ್ಚಿದ ಸೂಜಿಯನ್ನು ಹಾಗೆಯೇ ಅದರೊಳಗೆ ಬಿಡಿ. ಬಗ್ಗಿಸಬೇಡಿ, ಕಸದ ಬುಟ್ಟಿಗೆ ಹಾಕಬೇಡಿ. ಮುಕ್ಕಾಲು ತುಂಬಿದರೆ ಟೇಪು ಸುತ್ತಿ ಆಸ್ಪತ್ರೆಗೆ ಕೊಡಿ.

ಕಾಯಿಲೆ ಮುಚ್ಚಿಟ್ಟದ್ದಕ್ಕೆ ನನಗೂ ಕೋಪ ಇದೆ. ಅದನ್ನು ಆಮೇಲೆ ಮಾಡಿಕೊಳ್ಳುತ್ತೇನೆ.

ನಿನ್ನ ಬಾಬಿನ್

ಏಪ್ರಿಲ್ 30

ಬಾಬಿನ್,

ನಿನ್ನ ದೊಡ್ಡಪ್ಪನ ಜೊತೆ ಮಾತು ಬಿಟ್ಟಿದ್ದೆ. ಅವರಿಗೆ ಅದು ಶಿಕ್ಷೆ ಅನ್ನಿಸಲೇ ಇಲ್ಲ, ಆರಾಮಾಗಿ ಶಿಳ್ಳೆ ಹಾಕಿಕೊಂಡು ಬಟ್ಟೆ ಕತ್ತರಿಸಿದರು. ಹಾಗಾಗಿ ಮತ್ತೆ ಶುರು ಮಾಡಿದ್ದೇನೆ. ಹೆಬ್ಬೆರಳು ತೋರಿಸಿದೆವು. ರಕ್ತ ತೆಗೆದರು, ಇಬ್ಬರದೂ. ಇಬ್ಬರದೂ ಚೆನ್ನಾಗಿದೆ ಎಂದರು, ನನ್ನದು ಸ್ವಲ್ಪ ಸಿಹಿ ಅಷ್ಟೇ.

ನಿನ್ನ ಕಾಗದ ಓದಿದ ದಿನ ಮೆಷಿನ್ ತುಳಿಯಲಿಲ್ಲ. ಗಿರಾಕಿಗಳು ಬಂದರು, ನಾಳೆ ಬನ್ನಿ ಅಂದೆ. ಆ ಹೆಡ್‌ಮಾಸ್ಟರಿಗೆ ನಾಡಿದ್ದು ಬನ್ನಿ ಅಂದೆ.

ನಾನು ತಪ್ಪು ಕಲಿಸಿದೆ ಎಂದು ಬರೆಯುತ್ತೇನೆ ಅಂದುಕೊಂಡಿದ್ದರೆ ಕಾಯಬೇಡ. ಅದು ತಪ್ಪಲ್ಲ. ನಮ್ಮ ಅಂಗಡಿಯಲ್ಲಿ ಅದೇ ಸರಿ, ಈಗಲೂ ಅದೇ ಸರಿ. ಆ ನಿಯಮ ಹೇಗೆ ಬಂತು ಎಂದು ನಿನಗೆ ಗೊತ್ತಿಲ್ಲ. ನೀನು ಬರುವುದಕ್ಕೆ ಮುಂಚೆ ಅದು ಇರಲೇ ಇಲ್ಲ. ಸೂಜಿಗಳು ಎಲ್ಲೆಂದರಲ್ಲಿ ಇರುತ್ತಿದ್ದವು. ಮೆಷಿನ್ ಮೇಲೆ, ನನ್ನ ತೋಳಿನ ಮೇಲೆ, ನೆಲದ ಮೇಲೆ. ನಾವಿಬ್ಬರೂ ಚಪ್ಪಲಿ ಹಾಕಿ ಓಡಾಡುವವರು, ಯಾರಿಗೇನು. ನಿನ್ನ ಅಮ್ಮ ಹೋದ ಮೇಲೆ ನಿನ್ನನ್ನು ಇಲ್ಲಿಗೆ ತಂದ ದಿನ, ಆಗಷ್ಟೇ ನಡೆಯಲು ಕಲಿತವಳು, ಕೈ ಬಿಡಿಸಿಕೊಂಡು ಬರಿಗಾಲಲ್ಲಿ ಅಂಗಡಿ ತುಂಬ ಸುತ್ತಿದೆ. ಮೆಷಿನ್ನಿನಲ್ಲಿ ದಾರದ ಬಾಬಿನ್ ಸುತ್ತುವ ಹಾಗೇ ಇತ್ತು, ಆ ಹೆಸರು ಬಂದದ್ದು ಹಾಗೆ. ನೀನು ಸುತ್ತುವುದನ್ನು ನೋಡಿ ಓಡಿ ಬಂದು ನಿನ್ನನ್ನು ಎತ್ತಿ ಕತ್ತರಿಸುವ ಮೇಜಿನ ಮೇಲೆ ಕೂರಿಸಿದೆ. ಆವತ್ತು ನಾವಿಬ್ಬರೂ ಮಂಡಿಯೂರಿ, ಕೈಯಲ್ಲಿ ಆಯಸ್ಕಾಂತ ಹಿಡಿದು, ನೆಲದ ಪ್ರತಿ ಮೂಲೆ ಹುಡುಕಿದೆವು. ಆವತ್ತಿನಿಂದ ಬರಿ ಸೂಜಿ ಬಿಟ್ಟಿಲ್ಲ.

ಅಲ್ಲಿ ನಿಮ್ಮ ಸಿಸ್ಟರು ಮುಚ್ಚಳ ಹಾಕಬೇಡ ಅನ್ನುವುದೂ ಅದಕ್ಕೇ. ಇನ್ನೊಬ್ಬರಿಗೆ ಚುಚ್ಚಬಾರದು, ನಿನಗೂ ಚುಚ್ಚಬಾರದು. ಜಾಗ ಬೇರೆ, ಕ್ರಮ ಬೇರೆ. ಅವರು ಹೇಳಿದ ಹಾಗೆ ಮಾಡು. ನಾನು ಹೇಳಿದ್ದು ಈ ಅಂಗಡಿಗೆ.

ಈಗ ಡಬ್ಬದ ಕಥೆ. ಗುಂಡಿ ಡಬ್ಬವನ್ನೇ ಖಾಲಿ ಮಾಡಿದೆ, ಅದಕ್ಕಿಂತ ಗಟ್ಟಿ ತಗಡು ಮನೆಯಲ್ಲಿಲ್ಲ. ಮೊದಲ ದಿನ ದೊಡ್ಡಪ್ಪ ಚುಚ್ಚಿದರು. ಸೂಜಿ ಇಲ್ಲಿ ಕೊಡಿ, ನಾನೇ ಹಾಕುತ್ತೇನೆ ಎಂದು ತೆಗೆದುಕೊಂಡೆ. ನೋಡಿದರೆ ನನ್ನ ಎಡಗೈ ಮುಚ್ಚಳ ಹಿಡಿದು ನಿಂತಿದೆ. ನಾನು ಹೇಳಿಲ್ಲ, ಅದೇ ಹೋಗಿ ಎತ್ತಿಕೊಂಡಿದೆ. ಕೆಳಗಿಟ್ಟೆ. ಮರುದಿನ ಮತ್ತೆ ಅದೇ. ಕೈಗೆ ಬೈದೆ. ದೊಡ್ಡಪ್ಪ ಈಗ ಮುಚ್ಚಳವನ್ನು ಮೊದಲೇ ಜೇಬಿಗೆ ಹಾಕಿಕೊಂಡುಬಿಡುತ್ತಾರೆ. ಅಷ್ಟೆಲ್ಲ ಗೊತ್ತಿದ್ದು ನೀನು ಯಾಕೆ ಹಾಕಿದೆ ಎಂದು ಕೇಳಬೇಕು ಅಂದುಕೊಂಡಿದ್ದೆ. ಈಗ ಕೇಳುವುದಿಲ್ಲ.

ಆ ರೋಗಿಗೆ ಹೇಳು, ಬೈದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಬಾಯಿಮಾತಿನಲ್ಲಿ ತೆಗೆದುಕೊಂಡರೆ ಆಗುವುದಿಲ್ಲ, ಸೊಂಟದ ಅಳತೆ, ಕಾಲಿನ ಅಳತೆ ಕಳಿಸಲಿ. ಬೆನ್ನುನೋವಿನವರಿಗೆ ಸಡಿಲ ಪೈಜಾಮ ಒಳ್ಳೆಯದು. ಉಸಿರು ಒಳಗೆ ಎಳೆಯದೆ ಅಳತೆ ಕೊಡಲು ಹೇಳು.

ಮೇ ಪರೀಕ್ಷೆ ಆದ ದಿನವೇ ಬರೆ. ಏನೇ ಬಂದಿರಲಿ ಬರೆ. ಏನೇ ಬಂದರೂ ನಿನ್ನ ಲೋಟ ಇಲ್ಲಿ ನಮ್ಮ ಲೋಟಗಳ ಜೊತೆಗೇ ಇರುತ್ತದೆ.

ದೊಡ್ಡಮ್ಮ

ಮೇ 26

ದೊಡ್ಡಮ್ಮ,

ಏನೂ ಇಲ್ಲ. ಇವತ್ತು ಬೆಳಗ್ಗೆ ಹೇಳಿದರು. ಹಿರಿಯ ಸಿಸ್ಟರ್ ಜೊತೆಗೇ ಬಂದಿದ್ದರು, ಬೆರಳುಟೋಪಿ ಹಾಕಿಕೊಂಡು. ಡಾಕ್ಟರು ಸರಿ ಇದೆ ಅಂದ ಕೂಡಲೇ ಅವರ ಮೇಜಿನ ಮೇಲೇ ಟಕಟಕ ಬಾರಿಸಿಬಿಟ್ಟರು. ಹೊರಗೆ ಬಂದ ಮೇಲೆ ಅತ್ತೆ. ನೀನಿಲ್ಲ, ಬೈಯುವವರು ಯಾರೂ ಇರಲಿಲ್ಲ, ಅದಕ್ಕೆ ಧಾರಾಳವಾಗಿ ಅತ್ತೆ.

ವಾರ್ಡಿನಲ್ಲಿ ಈಗ ಡಬ್ಬ ಆ ತುದಿಯಲ್ಲಿಲ್ಲ. ಪ್ರತಿ ಗಾಡಿಗೂ ಒಂದು ಕಟ್ಟಿದ್ದಾರೆ. ಸಿಸ್ಟರ್ ಅದನ್ನು ಯಾವಾಗಿನಿಂದಲೋ ಕೇಳುತ್ತಿದ್ದರಂತೆ. ನನ್ನ ಬೆರಳಿನ ನೆಪದಲ್ಲಿ ಜಗಳ ಮಾಡಿ ತರಿಸಿಕೊಂಡರು. ಹೊಸದಾಗಿ ಬಂದ ಹುಡುಗಿಯರಿಗೆ ಸೂಜಿಯ ಪಾಠ ನೀನೇ ಹೇಳು ಅಂದರು. ಹೇಳಿದೆ. ಕೊನೆಗೆ ಒಬ್ಬಳು ಹಿಂದೆ ಉಳಿದು, ಅಕ್ಕಾ, ನನಗೆ ಹೋದ ವಾರ ಚುಚ್ಚಿದೆ, ಯಾರಿಗೂ ಹೇಳಿಲ್ಲ ಅಂದಳು. ಏನೂ ಕೇಳದೆ ಅವಳ ತೋಳು ಹಿಡಿದು ಕರೆದುಕೊಂಡು ಹೋದೆ. ಅವಳ ರೋಗಿಯ ರಕ್ತ ಪರೀಕ್ಷೆ ಮಾಡಿದರು, ಏನೂ ಇರಲಿಲ್ಲ.

ಪೈಜಾಮದ ಅಳತೆ ಈ ಹಾಳೆಯ ಹಿಂದೆ ಬರೆದಿದ್ದೇನೆ. ಆ ರೋಗಿ ಮನೆಗೆ ಹೋದರು. "ನಿಮ್ಮ ದೊಡ್ಡಮ್ಮನ ಕಾಗದ ನೀವು ಓದಿ ಹೇಳಿದಾಗ ಬೆನ್ನುನೋವೂ ಮರೆತು ನಗ್ತಿದ್ದೆ ಅಂತ ಅವರಿಗೆ ತಿಳಿಸಿ" ಅಂದರು.

ಮುಂದಿನ ವಾರ ರಜೆ ಸಿಕ್ಕಿದೆ, ಈ ಸಲ ಬೆರಳಿನ ದೆಸೆಯಿಂದಲ್ಲ. ಬರುತ್ತೇನೆ. ಸ್ಟೂಲು ಒರೆಸಿಡು, ನಿನ್ನ ಗುಂಡಿಯೆಲ್ಲ ಹೊಲಿದುಕೊಡುತ್ತೇನೆ. ರಜೆ ಮುಗಿದರೆ ಹೊರಡುತ್ತೇನೆ, ಕೂರಿಸಿಕೊಳ್ಳಬೇಡ.

ನಿನ್ನ ಬಾಬಿನ್

ಜೂನ್ 1

ಬಾಬಿನ್,

ನಿನ್ನ ಕಾಗದ ಓದಿ ದೊಡ್ಡಪ್ಪ ಮತ್ತೆ ಕುಸಿದು ಕೂತರು. ಈ ಸಲ ಸಂತೋಷಕ್ಕೆ. ನೀರು ಚಿಮುಕಿಸಿದ್ದು ಮಾತ್ರ ನಾನೇ. ನಾನು ಏನು ಮಾಡಿದೆ ಎಂದು ಅವರನ್ನು ಕೇಳಬೇಡ, ಅವರು ಸುಳ್ಳು ಹೇಳುತ್ತಾರೆ.

ಸ್ಟೂಲು ಸಿಗುವುದಿಲ್ಲ. ಅದರ ಮೇಲೆ ಸೂಜಿ ಡಬ್ಬ ಕೂತಿದೆ. ಕೈಗೆಟುಕುವ ಹಾಗೆ ಇಡು ಅಂದವಳು ನೀನೇ, ಅದಕ್ಕಿಂತ ಒಳ್ಳೆಯ ಜಾಗ ಅಂಗಡಿಯಲ್ಲಿಲ್ಲ. ಹಾಗಾಗಿ ನಿನಗೆ ಇಲ್ಲಿ ಕೆಲಸವೂ ಇಲ್ಲ, ಕೂರಲು ಜಾಗವೂ ಇಲ್ಲ. ನಿನ್ನ ಜಾಗ ಆ ಗಾಡಿಯ ಪಕ್ಕ. ರಜೆ ಮುಗಿದ ದಿನ ನಾನೇ ಬಸ್ಸು ಹತ್ತಿಸುತ್ತೇನೆ. ಬಂದಾಗ ನೆಲದ ಮೇಲೆ ಕೂರು, ಚಿಕ್ಕವಳಿದ್ದಾಗ ಕೂರುತ್ತಿದ್ದ ಹಾಗೆ.

ಕಾಲಿನ ಗಾಯ ಒಣಗಿದೆ. ಬಂದು ನೋಡು, ನೋಡಿ ಬೈಯುವುದಿದ್ದರೆ ಬೈದುಕೊ. ಪೈಜಾಮ ಹೊಲಿದಾಗಿದೆ. ಗುಂಡಿಗಳೆಲ್ಲ ಈಗ ಗಾಜಿನ ಸೀಸೆಯಲ್ಲಿವೆ, ಒಂದೂ ಕಾಣೆಯಾಗಿಲ್ಲ.

ನಿನ್ನೆ ಮೆಷಿನ್ನುಗಳನ್ನೆಲ್ಲ ಪಕ್ಕಕ್ಕೆ ಸರಿಸಿ ನೆಲ ನೋಡಿದೆವು. ದೊಡ್ಡಪ್ಪ ಆಯಸ್ಕಾಂತ ಹಿಡಿದರು, ನಾನು ದೀಪ ಹಿಡಿದೆ. ಈ ವಯಸ್ಸಿಗೆ ಮಂಡಿಯೂರಿದರೆ ಏಳುವುದೇ ಕಷ್ಟ, ಒಬ್ಬರನ್ನೊಬ್ಬರು ಹಿಡಿದು ಎದ್ದೆವು. ಒಂದು ಸೂಜಿಯೂ ಇಲ್ಲ. ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬಾ.

ದೊಡ್ಡಮ್ಮ